ವಿಂಡೋಸ್ ಮರುಸ್ಥಾಪನೆಯ ನಂತರ ಕಚೇರಿಯ ಕಡತಗಳನ್ನು ಮರಳಿ ಪಡೆಯುವ ಬಗೆ

ಪಂಚಾಯಿತಿ ಕಚೇರಿಯ ಗಣಕಯಂತ್ರ ನಿಧಾನವಾದರೆ, ವೈರಸ್ ಹೊಕ್ಕರೆ ಅಥವಾ ತೆರೆಯದೇ ಹೋದರೆ ಅದನ್ನು ‘ಫಾರ್ಮ್ಯಾಟ್ ಮಾಡಿಸಿ ತರುವುದು’ ರೂಢಿಯಲ್ಲಿದೆ. ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಸೇರಿಹೋಗಿವೆ. ಆಪರೇಟಿಂಗ್ ಸಿಸ್ಟಂ, ಅಂದರೆ ವಿಂಡೋಸ್, ಅನ್ನು ಹೊಸದಾಗಿ ಸ್ಥಾಪಿಸುವುದು ಒಂದು. ಸ್ಥಾಪಿಸುವ ಮೊದಲು ಡಿಸ್ಕಿನ ವಿಭಾಗವನ್ನು ಅಳಿಸಿಹಾಕುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ಮಾಡಿದ್ದಲ್ಲಿ ಹಳೆಯ ಕಡತಗಳು ಬಹುಮಟ್ಟಿಗೆ ಯಂತ್ರದಲ್ಲಿಯೇ ಇರುತ್ತವೆ. ಆದರೆ ಎರಡೂ ಸಂದರ್ಭಗಳಲ್ಲಿ ಪರದೆ ಒಂದೇ ರೀತಿ ಖಾಲಿಯಾಗಿ ಕಾಣುವುದರಿಂದ, ಇರುವ ಕಡತಗಳನ್ನೂ ಹೋದವೆಂದು ಕೈಬಿಡುವ ಸಂಭವವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವ ಕಾರಣ, ಹಳೆಯ ಯಂತ್ರಗಳುಳ್ಳ ಕಚೇರಿಗಳಿಗೆ ಈ ಪ್ರಸಂಗ ಎದುರಾಗುವುದು ಸಹಜ.

ಮೊದಲಿಗೆ ತಿಳಿಯಬೇಕಾದುದು, ಯಾವುದು ಕಚೇರಿಯ ಯಂತ್ರದಲ್ಲಿದೆ, ಯಾವುದು ಇಲ್ಲ ಎಂಬುದು. ಪಂಚತಂತ್ರದ ಲೆಕ್ಕಪತ್ರಗಳು, ಇ-ಸ್ವತ್ತಿನ ನಮೂನೆ 9 ಮತ್ತು 11ರ ವಿವರಗಳು, ಇ-ಗ್ರಾಮ ಸ್ವರಾಜ್‌ಗೆ ಸೇರಿಸಿದ ಯೋಜನೆಗಳು ದೂರದ ಸರ್ವರ್‌ನಲ್ಲಿರುತ್ತವೆ. ಕಚೇರಿಯ ಯಂತ್ರಕ್ಕೆ ಏನಾದರೂ ಅವುಗಳಿಗೆ ಬಾಧೆಯಿಲ್ಲ. ಆದ್ದರಿಂದ ‘ಕಂಪ್ಯೂಟರ್ ಕೆಟ್ಟಿತು, ಖಾತೆಯ ಮಾಹಿತಿ ಹೋಯಿತು’ ಎಂಬ ಉತ್ತರವನ್ನು ಸದಸ್ಯರು ಒಪ್ಪಬೇಕಾಗಿಲ್ಲ. ಅಪಾಯವಿರುವುದು ಯಂತ್ರದೊಳಗೆ ಮಾತ್ರ ಇರುವ ಸಾಮಗ್ರಿಗೆ: ಸಭಾ ನಡಾವಳಿಯ ಬೆರಳಚ್ಚು ಪ್ರತಿಗಳು, ಫಲಾನುಭವಿಗಳ ಕರಡು ಪಟ್ಟಿ, ಕಾಮಗಾರಿಯ ಛಾಯಾಚಿತ್ರ, ಕೊಳವೆಬಾವಿ ದುರಸ್ತಿಯ ಪತ್ರವ್ಯವಹಾರ, ಸ್ಕ್ಯಾನ್ ಮಾಡಿದ ಅರ್ಜಿಗಳು. ಮನೆಗಾಗಿ ಅರ್ಜಿ ಕೊಟ್ಟ ವಿಧವೆಯೊಬ್ಬರ ಹೆಸರು ಹಿಂದಿನ ಗ್ರಾಮಸಭೆಯ ಪಟ್ಟಿಯಲ್ಲಿತ್ತೇ ಎಂಬ ಪ್ರಶ್ನೆ ಎದ್ದಾಗ ಇಂತಹ ಒಂದು ಕಡತವೇ ತ್ವರಿತ ಆಧಾರವಾಗಬಲ್ಲದು. ದಾಖಲೆಗಳನ್ನು ಪಟ್ಟಿಮಾಡಿ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಮಾಹಿತಿ ಹಕ್ಕು ಅಧಿನಿಯಮ 2005ರ 4ನೇ ಪ್ರಕರಣವು ಸಾರ್ವಜನಿಕ ಪ್ರಾಧಿಕಾರದ ಮೇಲೆಯೇ ಇರಿಸಿದೆ.

ಯಂತ್ರ ದುರಸ್ತಿಯಿಂದ ಮರಳಿದೊಡನೆ ಅದರಲ್ಲಿ ಹೊಸ ಕೆಲಸ ಆರಂಭಿಸದೆ, ಸಿ ಡ್ರೈವಿನಲ್ಲಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಇದೆಯೇ ಎಂದು ನೋಡತಕ್ಕದ್ದು. ಡಿಸ್ಕನ್ನು ಅಳಿಸದೆ ವಿಂಡೋಸ್ ಸ್ಥಾಪಿಸಿದಾಗ, ಹಿಂದಿನ ವಿಂಡೋಸ್ ಹಾಗೂ ಬಳಕೆದಾರರ ಕಡತಗಳು ಈ ಫೋಲ್ಡರಿಗೆ ಸರಿದಿರುತ್ತವೆ. ಅದರೊಳಗಿನ ‘ಯೂಸರ್ಸ್’ ಫೋಲ್ಡರನ್ನು ತೆರೆದು ಹಳೆಯ ಬಳಕೆದಾರರ ಹೆಸರನ್ನು ಆರಿಸಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ ಮೊದಲಿನ ಕ್ರಮದಲ್ಲಿಯೇ ಕಾಣುತ್ತವೆ. ಅನುಮತಿ ಇಲ್ಲವೆಂಬ ಸೂಚನೆ ಬಂದರೆ ಗಾಬರಿಯಾಗಬೇಕಿಲ್ಲ. ನಿರ್ವಾಹಕ ಖಾತೆಯಿಂದ ಮುಂದುವರಿಯುವ ಗುಂಡಿ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಬೇಕಾದುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳುವುದಕ್ಕೆ ತಡಮಾಡಬಾರದು. ವಿಂಡೋಸನ್ನು ಹೊಸ ಆವೃತ್ತಿಗೆ ಏರಿಸಿದ ಸಂದರ್ಭದಲ್ಲಿ ಈ ಫೋಲ್ಡರ್ ಸಾಮಾನ್ಯವಾಗಿ 10 ದಿನಗಳ ತರುವಾಯ ತಾನಾಗಿಯೇ ಅಳಿಸಿಹೋಗುತ್ತದೆ. ಜಾಗ ಸಾಲದೆಂದು ‘ಡಿಸ್ಕ್ ಕ್ಲೀನಪ್’ ನಡೆಸಿ ಅದನ್ನು ಕೈಯಾರೆ ತೆಗೆಯುವ ಸಾಧ್ಯತೆಯೂ ಇದೆ. ಡಿ ಅಥವಾ ಇ ಡ್ರೈವಿನಲ್ಲಿ ಇಟ್ಟಿದ್ದ ಕಡತಗಳು, ಆ ವಿಭಾಗವನ್ನು ಯಾರೂ ಅಳಿಸಿರದಿದ್ದರೆ, ಇದ್ದಲ್ಲಿಯೇ ಇರುತ್ತವೆ.

ನಿಜವಾಗಿಯೂ ಫಾರ್ಮ್ಯಾಟ್ ಆಗಿದ್ದಲ್ಲಿ ದಾರಿ ಕಿರಿದಾಗುತ್ತದೆ. ತ್ವರಿತ ಫಾರ್ಮ್ಯಾಟ್‌ನಲ್ಲಿ ಅಳಿಯುವುದು ಮುಖ್ಯವಾಗಿ ಕಡತಗಳ ಪರಿವಿಡಿ. ಪುಟಗಳ ಮೇಲೆ ಹೊಸ ಬರಹ ಬೀಳುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಆದಕಾರಣ ಯಂತ್ರವನ್ನು ಕೂಡಲೇ ಆರಿಸಿ, ಡಿಸ್ಕನ್ನು ಹೊರತೆಗೆದು, ಬೇರೊಂದು ಯಂತ್ರಕ್ಕೆ ಜೋಡಿಸಿ ಹುಡುಕಿಸಬೇಕು. ಕಡತ ಮರಳಿ ತೆಗೆಯುವ ತಂತ್ರಾಂಶವನ್ನು ಅದೇ ಡಿಸ್ಕಿನಲ್ಲಿ ಸ್ಥಾಪಿಸಿದರೆ ಹುಡುಕಬೇಕಾದ ಕಡತದ ಮೇಲೆಯೇ ಅದು ಕುಳಿತುಕೊಳ್ಳಬಹುದು. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಬಳಕೆಯಲ್ಲಿದೆ. ಆದರೆ ಅದು ಮರಳಿಸುವ ಕಡತಗಳಿಗೆ ಮೂಲ ಹೆಸರಿರುವುದಿಲ್ಲ, ಸಂಖ್ಯೆಗಳಿರುತ್ತವೆ. ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆದು ನೋಡಲು ಸಿಬ್ಬಂದಿಗೆ ದಿನಗಳೇ ಬೇಕಾಗುತ್ತವೆ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಈ ಪ್ರಯತ್ನಕ್ಕೆ ಫಲ ಸಿಗುವ ಸಾಧ್ಯತೆಯಿದೆ. ಎಸ್‌ಎಸ್‌ಡಿ ಇದ್ದಲ್ಲಿ ಅಳಿಸಿದ ಜಾಗವನ್ನು ಅದು ತಾನೇ ಶುದ್ಧಮಾಡಿಕೊಳ್ಳುವುದರಿಂದ ಹೆಚ್ಚಿನ ನಿರೀಕ್ಷೆ ಸಲ್ಲದು. ವಿಂಡೋಸ್ 11 ಇರುವ ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗವಿರಬಹುದು. 48 ಅಂಕಿಗಳ ಕೀಲಿಸಂಖ್ಯೆ ಇಲ್ಲದಿದ್ದರೆ ಬೇರೆ ಯಂತ್ರದಲ್ಲಿ ಅದು ತೆರೆಯದು.

ಕನ್ನಡದ ಕಚೇರಿಗಳಿಗೆ ವಿಶೇಷವಾದ ತೊಡಕೊಂದಿದೆ. ಕಡತ ಸಿಕ್ಕಿದ ಮೇಲೂ ಅದನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಕಾಣಬಹುದು. ಕಡತ ಕೆಟ್ಟಿದೆಯೆಂದು ಅದನ್ನು ಅಳಿಸಬಾರದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂಡಿಸಲಾಗಿತ್ತು. ಆ ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೆ ಕೆಳಗಿನ ಸಂಕೇತವಷ್ಟೇ ತೋರುತ್ತದೆ. ನುಡಿ ತಂತ್ರಾಂಶವನ್ನು ಪುನಃ ಸ್ಥಾಪಿಸಿದೊಡನೆ, ಅಥವಾ ವಿಂಡೋಸ್.ಓಲ್ಡ್ ಒಳಗಿನ ಹಳೆಯ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್‌ಗಳನ್ನು ತಂದು ಸೇರಿಸಿದೊಡನೆ, ಬರಹ ಮೊದಲಿನಂತೆ ಓದಲು ಬರುತ್ತದೆ. ಅನಂತರ ಅದನ್ನು ಯುನಿಕೋಡ್‌ಗೆ ಪರಿವರ್ತಿಸಿ ಇನ್ನೊಂದು ಪ್ರತಿ ಇಟ್ಟುಕೊಂಡರೆ ಮುಂದಿನ ಸಲ ಈ ತೊಂದರೆ ಇರದು. ಮೂಲಪ್ರತಿಯನ್ನು ತೆಗೆಯದಿರುವುದು ಲೇಸು, ಏಕೆಂದರೆ ಪರಿವರ್ತನೆಯಲ್ಲಿ ಕೆಲವು ಒತ್ತಕ್ಷರಗಳು ತಪ್ಪುವುದುಂಟು.

ಹುಡುಕಾಟದಲ್ಲಿಯೂ ಇದೇ ಕಾರಣದಿಂದ ಎಡವುವ ಸಂಭವವಿದೆ. ‘ಸವಳಂಗ’ ಎಂದು ಯುನಿಕೋಡ್‌ನಲ್ಲಿ ಬರೆದು ಹುಡುಕಿದರೆ ಹಳೆಯ ನುಡಿ ಕಡತದೊಳಗಿನ ‘ಸವಳಂಗ’ ಸಿಗುವುದಿಲ್ಲ. ಕಡತದ ಬಗೆ ಹಾಗೂ ದಿನಾಂಕ ಹಿಡಿದು ಹುಡುಕುವುದು ಸೂಕ್ತ. ಇನ್ನೊಂದು ಅಂಶ ಈ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು: ಸವಳಂಗವು ಈಗ ನ್ಯಾಮತಿ ತಾಲ್ಲೂಕಿನಲ್ಲಿದ್ದರೂ, ಆ ತಾಲ್ಲೂಕು ರಚನೆಯಾಗುವ ಮೊದಲಿನ ಪತ್ರಗಳ ತಲೆಬರಹದಲ್ಲಿ ಹೊನ್ನಾಳಿ ತಾಲ್ಲೂಕು ಎಂದೇ ಇರುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಹೊನ್ನಾಳಿಯು ಶಿವಮೊಗ್ಗ ಜಿಲ್ಲೆಗೆ ಸೇರಿದ್ದರಿಂದ, ಅದಕ್ಕೂ ಹಿಂದಿನ ದಾಖಲೆಗಳ ಸ್ಕ್ಯಾನ್ ಪ್ರತಿಗಳಲ್ಲಿ ಜಿಲ್ಲೆಯ ಹೆಸರೂ ಬೇರೆ. ಹೊಸದಾಗಿ ಬಂದ ಆಪರೇಟರ್ ಇವನ್ನು ಬೇರೆ ತಾಲ್ಲೂಕಿನ ಕಾಗದವೆಂದು ಬದಿಗಿರಿಸದಂತೆ ಊರಿನ ಹಿರಿಯ ಸದಸ್ಯರು ಪಕ್ಕದಲ್ಲಿ ಕುಳಿತು ಗುರುತಿಸಿಕೊಡಬಹುದು.

ಸೆಟ್ಟಿಂಗ್‌ಗಳ ವಿಷಯ ಇಷ್ಟು ದೀರ್ಘವಾದುದಲ್ಲ. ಮುದ್ರಕ, ಸ್ಕ್ಯಾನರ್ ಹಾಗೂ ಬೆರಳಚ್ಚು ಸಾಧನಗಳ ಡ್ರೈವರ್‌ಗಳನ್ನು ಹೊಸದಾಗಿಯೇ ಹಾಕಬೇಕು. ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಹಳೆಯ ವಿಂಡೋಸ್ ಖಾತೆಗೆ ಬೆಸೆದುಕೊಂಡಿರುವುದರಿಂದ, ಕಡತ ನಕಲು ಮಾಡಿದರೂ ಸಾಮಾನ್ಯವಾಗಿ ತೆರೆಯುವುದಿಲ್ಲ. ಅವುಗಳನ್ನು ಸಂಬಂಧಿತ ತಂತ್ರಾಂಶದಲ್ಲಿ ಮರುಹೊಂದಿಸಿಕೊಳ್ಳಬೇಕು. ಪಿಡಿಒ ಅವರ ಡಿಜಿಟಲ್ ಸಹಿ ಟೋಕನ್ ಕೆಲಸ ಮಾಡದಿದ್ದರೆ ಕಾರಣ ಬಹುಶಃ ಡ್ರೈವರ್ ಇಲ್ಲದಿರುವುದಷ್ಟೇ. ಸಹಿಯ ಕೀಲಿ ಟೋಕನ್ನಿನ ಒಳಗೇ ಇರುತ್ತದೆ. ಈ ಹಂತದಲ್ಲಿ ಟೋಕನ್ನನ್ನು ‘ಇನಿಶಿಯಲೈಸ್’ ಮಾಡಿದರೆ ಸಹಿಯೇ ಅಳಿದು ಹೊಸದನ್ನು ಪಡೆಯಬೇಕಾಗುತ್ತದೆ, ಅಲ್ಲಿಯವರೆಗೆ ಆ ಸಹಿ ಬೇಕಾದ ಪಾವತಿಗಳು ನಿಲ್ಲುತ್ತವೆ.

ಯಂತ್ರವನ್ನು ನ್ಯಾಮತಿಗೋ ಶಿವಮೊಗ್ಗಕ್ಕೋ ದುರಸ್ತಿಗೆ ಕಳುಹಿಸುವ ಮುನ್ನ ಕಡತಗಳ ನಕಲು ತೆಗೆದಿದೆಯೇ, ಡಿಸ್ಕನ್ನು ಅಳಿಸದಂತೆ ಬರಹದಲ್ಲಿ ತಿಳಿಸಿದೆಯೇ ಎಂದು ಸದಸ್ಯರು ಕೇಳಬಹುದು. ಆ ಡಿಸ್ಕಿನಲ್ಲಿ ಗ್ರಾಮಸ್ಥರ ಆಧಾರ್ ಪ್ರತಿಗಳೂ ಬ್ಯಾಂಕ್ ಖಾತೆಯ ವಿವರಗಳೂ ಇರುವುದರಿಂದ, ಅಂಗಡಿಯವರು ತೆಗೆದುಕೊಂಡ ನಕಲನ್ನು ಕಚೇರಿಯ ಸಿಬ್ಬಂದಿಯ ಎದುರಿನಲ್ಲಿಯೇ ಅಳಿಸಿಸಬೇಕು. ಡಿಸ್ಕ್ ಬದಲಾಯಿಸಿದ್ದಲ್ಲಿ ಹಳೆಯದನ್ನು ಬಿಲ್ಲಿನೊಂದಿಗೆ ಹಿಂಪಡೆದು, ದಾಸ್ತಾನು ವಹಿಯಲ್ಲಿ ನಮೂದಿಸಿ, ಕಚೇರಿಯ ಬೀರುವಿನಲ್ಲಿ ಇರಿಸತಕ್ಕದ್ದು.