ಕೆಳಗೆ ಬೀಳದೆ ಉಳಿಯೋದೂ ಒಂದು ಆಟ: ಖಾಲಿದ್ ಜಮೀಲ್

ಠಾಣೆ, ಡೊಂಬಿವಲಿ, ನವಿ ಮುಂಬೈಯಲ್ಲಿರೋ ನಮ್ಮವರು ಬಹಳ ಜನ ಐಎಸ್‌ಎಲ್ ನೋಡ್ತೀರಿ. ಅಲ್ಲಿ ಕೊನೆ ಸ್ಥಾನ ಬಂದ್ರೂ ತಂಡ ಕೆಳಗಿಳಿಯೋ ಭಯ ಇರಲಿಲ್ಲ. ಐ-ಲೀಗ್ ಹಾಗಿರಲಿಲ್ಲ. ಗೆದ್ದರೆ 3 ಅಂಕ, ಡ್ರಾ ಆದರೆ 1. ಕೊನೆಗೆ ಉಳಿದವರು ಕೆಳಗಿನ ಡಿವಿಷನ್‌ಗೆ. ಆಮೇಲೆ ಪ್ರಾಯೋಜಕರು ಹೋಗ್ತಾರೆ, ಸಂಬಳಕ್ಕೇ ಕುತ್ತು ಬರುತ್ತೆ. ಆ ಅಂಚಿನಲ್ಲೇ ನಿಂತು ಗಟ್ಟಿಯಾದ ಮನುಷ್ಯ ಖಾಲಿದ್ ಜಮೀಲ್.

ಹುಟ್ಟಿದ್ದು 1977ರಲ್ಲಿ, ಕುವೈತ್‌ನಲ್ಲಿ. ಮಿಡ್‌ಫೀಲ್ಡರ್. ಮುಂಬೈಯ ಮಹೀಂದ್ರ ಯುನೈಟೆಡ್, ಏರ್ ಇಂಡಿಯಾಗೆ ಆಡಿದರು, ಭಾರತ ತಂಡಕ್ಕೂ ಆಡಿದರು. 2007ರಲ್ಲಿ ಹೊಸ ತಂಡ ಮುಂಬೈ ಎಫ್‌ಸಿ ಸೇರಿದರು. ಗಾಯ ಬಿಡಲಿಲ್ಲ. 2009ರಲ್ಲಿ ಬೂಟು ಕಳಚಿ ಅದೇ ಕ್ಲಬ್ಬಿನ ಕೋಚ್ ಆದರು.

ದೊಡ್ಡ ಹೆಸರುಗಳನ್ನ ಕೊಳ್ಳೋ ದುಡ್ಡು ಅಲ್ಲಿರಲಿಲ್ಲ. ಕೂಪರೇಜ್ ಮೈದಾನದ ದುರಸ್ತಿ ನಡೀತಿದ್ದಾಗ ‘ತವರಿನ’ ಪಂದ್ಯಕ್ಕೂ ಘಾಟ್ ಹತ್ತಿ ಪುಣೆಯ ಬಾಲೆವಾಡಿಗೆ ಹೋಗಬೇಕಿತ್ತು. ಜಮೀಲ್ ಕ್ರಮ ಸರಳ: ಮೊದಲು ರಕ್ಷಣೆ, ಗೆಲ್ಲೋಕೆ ಆಗದಿದ್ರೆ ಆ 1 ಅಂಕವಾದ್ರೂ ಬೇಕು. ನೋಡೋಕೆ ಚಂದ ಇರಲಿಲ್ಲ, ಕಪ್ಪೂ ಬರಲಿಲ್ಲ. ಆದ್ರೆ 7 ಸೀಸನ್ ತಂಡ ಕೆಳಗೆ ಬೀಳಲಿಲ್ಲ. 2016ರಲ್ಲಿ ಕ್ಲಬ್ ಅವರನ್ನ ಬಿಟ್ಟಿತು.

ಮುಂದಿನದನ್ನ ಗಮನಿಸಿ. ಅವರು ಹೋದದ್ದು ಮಿಜೋರಾಂನ ಐಜ್ವಾಲ್ ಎಫ್‌ಸಿಗೆ. ಹಿಂದಿನ ಸೀಸನ್‌ನಲ್ಲಿ ಕೆಳಗೆ ಬಿದ್ದಿದ್ದ ತಂಡ. ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಜಾಗ ಸಿಕ್ಕಿತ್ತು. ಮುಂಬೈ ಎಫ್‌ಸಿಯಲ್ಲಿ ತಮ್ಮ ಕೈಕೆಳಗೆ ಆಡಿದ್ದ ಜಯೇಶ್ ರಾಣೆ, ಅಶುತೋಷ್ ಮೆಹ್ತಾ ಕೂಡ ಅಲ್ಲಿಗೆ ಬಂದರು. 2017ರ ಏಪ್ರಿಲ್ 30, ಶಿಲ್ಲಾಂಗ್‌ನಲ್ಲಿ ಕೊನೆಯ ಪಂದ್ಯ: 1-1 ಡ್ರಾ. ಮೋಹನ್ ಬಾಗಾನ್‌ಗಿಂತ 1 ಅಂಕ ಮುಂದೆ ನಿಂತು ಐಜ್ವಾಲ್ ಚಾಂಪಿಯನ್! ಅದೇ ಹಳೇ 1 ಅಂಕ.

ಆ ಸೀಸನ್‌ನ ಪಟ್ಟಿಯ ತಳದಲ್ಲಿ ಯಾರಿದ್ದರು ಗೊತ್ತಾ? ಮುಂಬೈ ಎಫ್‌ಸಿ. ಬೇರೆ ಕಾರಣಗಳೂ ಇರಬಹುದು. ಆದ್ರೆ 7 ವರ್ಷ ಯಾರ ಕಣ್ಣಿಗೂ ಬೀಳದ ಕೆಲಸ, ಮಾಡೋರು ಹೋದ ಮೇಲೆ ಕಾಣಿಸ್ತು.

ಇದರಿಂದ ಅವರು ಸೋಲದ ಮನುಷ್ಯ ಆಗಲಿಲ್ಲ. 2025ರ ಆಗಸ್ಟ್‌ನಲ್ಲಿ ಭಾರತದ ಕೋಚ್ ಆದರು. ಸೆಪ್ಟೆಂಬರ್‌ನಲ್ಲಿ ಒಮಾನ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಕಾಫಾ ನೇಷನ್ಸ್ ಕಪ್‌ನಲ್ಲಿ 3ನೇ ಸ್ಥಾನ. ಅಕ್ಟೋಬರ್‌ನಲ್ಲಿ ಸಿಂಗಾಪುರದೆದುರು ಮೊದಲ ಗೋಲು ಹೊಡೆದೂ 1-2ರಿಂದ ಸೋಲು. 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು.

ಸಪೋರ್ಟ್ ಪ್ರಾಜೆಕ್ಟ್‌ನಲ್ಲಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸಿಸ್ಟಮ್ ನಿಲ್ಲಲಿಲ್ಲ ಅನ್ನೋದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ. ಮುಂದಿನ ಅಪ್ರೈಸಲ್‌ನಲ್ಲಿ ಅದನ್ನೂ ಅಂಕಿ ಸಮೇತ ಬರೀರಿ.