ಹಳೆಯ ಸ್ಟೀರಿಯೊ ರಿಸೀವರು: ಶಕ್ತಿವರ್ಧಕದ ರೋಗವೂ ಚಿಕಿತ್ಸೆಯೂ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಳೆಯ ಮನೆಗಳ ನಡುಮನೆಯಲ್ಲಿ, ಬೆಳ್ಳಿಬಣ್ಣದ ಮುಖವೂ ಮರದ ಕವಚವೂ ಉಳ್ಳ ಭಾರವಾದ ಒಂದು ಪೆಟ್ಟಿಗೆ ಇಂದಿಗೂ ಅಲ್ಲಲ್ಲಿ ಕಾಣಸಿಗುವುದುಂಟು. 1970ರ ದಶಕದಲ್ಲಿ ಪರದೇಶದಿಂದ ಮರಳಿದ ಬಂಧುಗಳ ಸಾಮಾನಿನೊಡನೆ ಬಂದ ಸ್ಟೀರಿಯೊ ರಿಸೀವರು ಅದು. ರೇಡಿಯೊ, ಗ್ರಾಮಫೋನಿನ ಸೂಕ್ಷ್ಮ ಸಂಕೇತವನ್ನು ಹಿಗ್ಗಿಸುವ ಮುನ್ವರ್ಧಕ, ಸ್ಪೀಕರನ್ನು ನಡೆಸುವ ಶಕ್ತಿವರ್ಧಕ, ಈ ಮೂರೂ ಒಂದೇ ಪೆಟ್ಟಿಗೆಯಲ್ಲಿ ಅಡಕವಾಗಿರುತ್ತವೆ. ಬೆಂಗಳೂರಿನ ಮೊದಲ ಖಾಸಗಿ ಎಫ್.ಎಂ. ನಿಲಯವಾದ ರೇಡಿಯೊ ಸಿಟಿ ಆರಂಭವಾದದ್ದು 2001ರ ಜುಲೈಯಲ್ಲಿ. ಅದಕ್ಕೆ ಮುಂಚೆ ಈ ಪೆಟ್ಟಿಗೆಗಳ ಎಫ್.ಎಂ. ಮಾಪಕಕ್ಕೆ ನಮ್ಮೂರಿನಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ದುಡಿದದ್ದೆಲ್ಲ ಶಕ್ತಿವರ್ಧಕವೇ. ಆದುದರಿಂದ ಮೊದಲು ಸಾಯುವುದೂ ಸಾಮಾನ್ಯವಾಗಿ ಅದೇ.

ಇಂಥದೊಂದು ರಿಸೀವರು ಈಚೆಗೆ ನಮ್ಮ ಕೈಗೆ ಬಂದಿತು. ಅದರ ಒಡತಿ ಜಯನಗರದಲ್ಲಿ ನೆಲೆಸಿದ ನಿವೃತ್ತ ಉಪಾಧ್ಯಾಯಿನಿ. ಎಡಗಡೆಯ ವಾಹಿನಿ ಒಂದು ದಿನ ಗುಡುಗಿದಂತೆ ಸದ್ದುಮಾಡಿ ಫ್ಯೂಜನ್ನು ಸುಟ್ಟುಕೊಂಡಿತ್ತು. ಅಂಗಡಿಯೊಂದರಲ್ಲಿ ಫ್ಯೂಜಿನ ಜಾಗಕ್ಕೆ ತಾಮ್ರದ ತಂತಿಯನ್ನು ಸುತ್ತಿಕೊಟ್ಟರು. ಮನೆಗೆ ತಂದು ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಎಡ ಸ್ಪೀಕರಿನಿಂದ ಹೊಗೆ ಎದ್ದಿತು. ಆ ಸ್ಪೀಕರುಗಳ ತಯಾರಿಕೆ ನಿಂತು ಎಷ್ಟೋ ವರ್ಷಗಳಾಗಿವೆ. ಉಳಿದದ್ದು ಬಲಗಡೆಯದು ಒಂದೇ. ಜೊತೆಗೆ, ಆಕೆಯ ಪತಿ ಕೂಡಿಟ್ಟ ಇನ್ನೂರಕ್ಕೂ ಮೇಲ್ಪಟ್ಟ ಧ್ವನಿಮುದ್ರಿಕೆಗಳು. “ಗುಜರಿಗೆ ಕೊಡಲೆ, ಇಟ್ಟುಕೊಳ್ಳಲೆ, ಹೇಳಿಬಿಡಿ ಮೇಷ್ಟ್ರೆ” ಎಂದು ಆಕೆ ಕೇಳಿದರು. ಉತ್ತರ ಹೇಳಬೇಕಾದರೆ ಒಳಗೆ ನಡೆದುದೇನೆಂದು ತಿಳಿಯಬೇಕಷ್ಟೆ.

ವರ್ಧಕವೆಂಬ ಹೆಸರು ತುಸು ದಾರಿತಪ್ಪಿಸುವಂಥದು. ಮುಳ್ಳಿನಿಂದ ಬರುವ ಕೆಲವು ಮಿಲಿವೋಲ್ಟುಗಳ ಸಂಕೇತವೇ ಹಿಗ್ಗಿ ಸ್ಪೀಕರನ್ನು ಸೇರುತ್ತದೆಂದು ಭಾವಿಸಬಾರದು. ಕೆರೆಯ ತೂಬನ್ನು ನೆನೆಯಿರಿ. ನೀರುಗಂಟಿಯ ಕೈಬಲ ಅಲ್ಪ. ಗದ್ದೆಗೆ ಹರಿಯುವ ನೀರು ಅಪಾರ. ನೀರು ಕೆರೆಯದು, ಲಯ ಮಾತ್ರ ಕೈಯದು. ರಿಸೀವರಿನಲ್ಲಿ ಕೆರೆಯ ಸ್ಥಾನದಲ್ಲಿರುವುವು ಎರಡು ದಪ್ಪ ಕಂಡೆನ್ಸರುಗಳು: ಒಂದರಲ್ಲಿ ಧನ 32 ವೋಲ್ಟು, ಇನ್ನೊಂದರಲ್ಲಿ ಋಣ 32 ವೋಲ್ಟು. ತೂಬುಗಳೇ ಎರಡು ಶಕ್ತಿ ಟ್ರಾನ್ಸಿಸ್ಟರುಗಳು. ಮೇಲಿನದು ತೆರೆದಾಗ ಸ್ಪೀಕರಿನ ಹಾಳೆ ಮುಂದಕ್ಕೂ ಕೆಳಗಿನದು ತೆರೆದಾಗ ಹಿಂದಕ್ಕೂ ಚಲಿಸುತ್ತದೆ. 8 ಓಮಿನ ಸ್ಪೀಕರಿಗೆ 30 ವ್ಯಾಟು ಕೊಡಬೇಕಾದರೆ ಶಿಖರದಲ್ಲಿ ಸುಮಾರು 22 ವೋಲ್ಟೂ 2.7 ಆಂಪಿಯರೂ ಬೇಕಾಗುವುವು.

ತೂಬು ಮುರಿದು ತೆರೆದೇ ನಿಂತರೆ ಏನಾದೀತು? ಟ್ರಾನ್ಸಿಸ್ಟರು ಸತ್ತಾಗ ಬಹುಮಟ್ಟಿಗೆ ಹಾಗೆಯೇ ಆಗುತ್ತದೆ. ಒಳಗಿನ ಸಿಲಿಕಾನು ಕರಗಿ ಬರಿಯ ತಂತಿಯಂತಾಗಿಬಿಡುತ್ತದೆ. ಆಗ ಸ್ಪೀಕರಿಗೆ ಹೋಗುವುದು ಸಂಗೀತವಲ್ಲ, 32 ವೋಲ್ಟಿನ ಏಕಮುಖ ಪ್ರವಾಹ. 8 ಓಮೆಂದು ಹೆಸರಿಟ್ಟ ಸುರುಳಿಯ ನೇರರೋಧ ಸುಮಾರು 6 ಓಮು. ಅದರ ಮೂಲಕ 5 ಆಂಪಿಯರು ಹರಿದರೆ 150 ವ್ಯಾಟು ಕಾವು. ಕೂದಲೆಳೆಯಂಥ ತಂತಿ ಅದನ್ನು ಎಷ್ಟು ಹೊತ್ತು ತಾಳೀತು! ಇಂಥ ಸಮಯದಲ್ಲಿ ಸ್ಪೀಕರನ್ನು ಬಿಡಿಸುವ ರಿಲೇ ನಮ್ಮ ರಿಸೀವರಿನಲ್ಲಿ ಇರಲಿಲ್ಲ. ಕಾವಲಿಗಿದ್ದುದು ಫ್ಯೂಜು ಒಂದೇ. ಅದರ ಕಥೆಯನ್ನು ಆಗಲೇ ಹೇಳಿದ್ದಾಯಿತು.

ಈ ಮಂಡಲದ ಎರಡು ಶಕ್ತಿ ಟ್ರಾನ್ಸಿಸ್ಟರುಗಳೂ ಒಂದೇ ಜಾತಿಯವು, ಎನ್‌ಪಿಎನ್. ಮೇಲೊಂದು ಎನ್‌ಪಿಎನ್, ಕೆಳಗೊಂದು ಪಿಎನ್‌ಪಿ ಇದ್ದರೆ ಅಂದವಾದೀತು; ಆದರೆ ಸಿಲಿಕಾನಿನಲ್ಲಿ ಒಳ್ಳೆಯ ಪಿಎನ್‌ಪಿ ಶಕ್ತಿ ಟ್ರಾನ್ಸಿಸ್ಟರನ್ನು ಅಗ್ಗವಾಗಿ ಮಾಡುವುದು ಆಗ ಕಷ್ಟವಾಗಿತ್ತು. ಚಾಲಕ ಸ್ಥಾನದಲ್ಲಿ ಮಾತ್ರ ಸಣ್ಣ ಪಿಎನ್‌ಪಿಯೊಂದನ್ನಿಟ್ಟು, ದೊಡ್ಡ ಎನ್‌ಪಿಎನ್ ಅದರಂತೆಯೇ ನಡೆದುಕೊಳ್ಳುವ ಹಾಗೆ ಮಾಡುವ ಉಪಾಯವನ್ನು ಎಚ್.ಸಿ. ಲಿನ್ ಅವರು 1956ರಲ್ಲಿ ಪ್ರಕಟಿಸಿದರು. ಟ್ರಾನ್ಸಿಸ್ಟರು ಹುಟ್ಟಿ ಆಗ ಒಂಬತ್ತೇ ವರ್ಷ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಮ್ ಅರ್ಧವಾಹಕಗಳನ್ನೂ ತಯಾರಿಸತೊಡಗಿತೆಂಬುದನ್ನು ಇಲ್ಲಿ ನೆನೆಯಬಹುದು.

ದುರಸ್ತಿಗೆ ಕೈಹಾಕುವ ಮುನ್ನ ಒಂದು ಎಚ್ಚರಿಕೆ. ತಂತಿಯನ್ನು ಗೋಡೆಯಿಂದ ಕಿತ್ತ ಮಾತ್ರಕ್ಕೆ ಪೆಟ್ಟಿಗೆ ನಿರುಪದ್ರವಿಯಾಗದು. 10,000 ಮೈಕ್ರೋಫ್ಯಾರಡಿನ ಕಂಡೆನ್ಸರು 32 ವೋಲ್ಟಿನಲ್ಲಿ 5 ಜೂಲು ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ತಿರುಪುಳಿಯ ತುದಿಯನ್ನು ಕರಗಿಸಲು ಅಷ್ಟು ಸಾಕು. 10 ವ್ಯಾಟಿನ 100 ಓಮ್ ರೋಧಕವನ್ನು ಅದರ ಎರಡು ತುದಿಗಳಿಗೆ ತಾಗಿಸಿ ಐದಾರು ಸೆಕೆಂಡು ಹಿಡಿದರೆ ಬರಿದಾಗುವುದು. 230 ವೋಲ್ಟು ಬರುವ ಸ್ವಿಚ್ಚು, ಫ್ಯೂಜು, ಟ್ರಾನ್ಸ್‌ಫಾರ್ಮರುಗಳ ಬಳಿಗಂತೂ ಅನುಭವವಿಲ್ಲದವರು ಹೋಗಲೇಬಾರದು. ಪೆಟ್ಟಿಗೆಯ ಹಿಂಬದಿಯಲ್ಲಿ ವೋಲ್ಟೇಜು ಆರಿಸುವ ತಿರುಗಣಿಯಿದ್ದರೆ ಅದು ಎಲ್ಲಿ ನಿಂತಿದೆಯೆಂದು ನೋಡಿಕೊಳ್ಳಬೇಕು. 120 ವೋಲ್ಟಿಗೆ ನಿಂತ ಪರದೇಶದ ಪೆಟ್ಟಿಗೆಯನ್ನು ನಮ್ಮ ಗೋಡೆಗೆ ಚುಚ್ಚಿದರೆ ಮುಂದಿನ ದುರಸ್ತಿಯ ಪ್ರಶ್ನೆಯೇ ಏಳದು.

ಹಳೆಯ ರೇಡಿಯೊ ಕೆಲಸಗಾರರ ಸೀರೀಸ್ ಬೋರ್ಡು ಈ ಕೆಲಸದಲ್ಲಿ ಸಾವಿರಾರು ರೂಪಾಯಿಯ ಉಪಕರಣಕ್ಕೆ ಸಮಾನವೆಂದು ನಮ್ಮ ಮತ. ಪೆಟ್ಟಿಗೆಗೆ ಹೋಗುವ ವಿದ್ಯುತ್ತು 100 ವ್ಯಾಟಿನ ತಂತುದೀಪವೊಂದರ ಮೂಲಕವೇ ಹಾಯಬೇಕು. ಅಷ್ಟೇ ಅದರ ರಹಸ್ಯ. ಒಳಗೆ ಷಾರ್ಟ್ ಇದ್ದರೆ ದೀಪ ಪೂರ್ಣವಾಗಿ ಬೆಳಗುತ್ತದೆ, ಪ್ರವಾಹ 0.43 ಆಂಪಿಯರನ್ನು ಮೀರುವುದಿಲ್ಲ, ಹೊಸದಾಗಿ ಏನೂ ಸುಡುವುದಿಲ್ಲ. ಎಲ್ಲವೂ ಸರಿಯಿದ್ದರೆ ದೀಪ ಒಂದು ಕ್ಷಣ ಮಿನುಗಿ, ಕಂಡೆನ್ಸರುಗಳು ತುಂಬಿದಂತೆ ಮಂಕಾಗುತ್ತದೆ. ಎಲ್‌ಇಡಿ ದೀಪದಿಂದ ಈ ಕೆಲಸವಾಗದು. ತಣ್ಣಗಿರುವಾಗ ಅಲ್ಪರೋಧವನ್ನೂ ಕಾದಾಗ ಅಧಿಕರೋಧವನ್ನೂ ತೋರುವುದು ಟಂಗ್‌ಸ್ಟನ್ ತಂತುವಿನ ಗುಣ. ಮನೆಯ ಅಟ್ಟದಲ್ಲಿ ಹಳೆಯ ದೀಪವೊಂದು ಉಳಿದಿದ್ದರೆ ಎಸೆಯದಿರಿ.

ನಮ್ಮ ಪೆಟ್ಟಿಗೆಯಲ್ಲಿ ದೀಪ ಪೂರ್ಣವಾಗಿ ಬೆಳಗಿತು. ಆರಿಸಿ, ಕಂಡೆನ್ಸರುಗಳನ್ನು ಬರಿದುಮಾಡಿ, ಎಡ ವಾಹಿನಿಯನ್ನು ಮಲ್ಟಿಮೀಟರಿನಿಂದ ಅಳೆಯುತ್ತ ಹೋದೆವು. ಆರೋಗ್ಯವಾದ ಸಿಲಿಕಾನ್ ಸಂಧಿ ಒಂದು ದಿಕ್ಕಿನಲ್ಲಿ ಸುಮಾರು 0.6 ವೋಲ್ಟನ್ನು ತೋರಿ, ಇನ್ನೊಂದು ದಿಕ್ಕಿನಲ್ಲಿ ಪ್ರವಾಹವನ್ನು ತಡೆಯಬೇಕು. ಕೆಳಗಿನ ಶಕ್ತಿ ಟ್ರಾನ್ಸಿಸ್ಟರು ಎರಡು ದಿಕ್ಕಿನಲ್ಲೂ ಸೊನ್ನೆ ತೋರಿತು. ಮೇಲಿನ ಚಾಲಕವೂ ಸತ್ತಿತ್ತು, ಮೇಲಿನ 0.47 ಓಮಿನ ರೋಧಕ ಕಡಿದಿತ್ತು. ಇಲ್ಲಿ ಅನೇಕರು ಅವಸರಪಡುತ್ತಾರೆ. ಸತ್ತ ಮೂರನ್ನು ಬದಲಾಯಿಸಿ ಗುಂಡಿ ಒತ್ತಿದರೆ, ಹೊಸವೂ ಅದೇ ಗತಿಗೆ ಹೋಗುವುವು. ಸತ್ತವರಾರೆಂಬುದಕ್ಕಿಂತ ಕೊಂದವರಾರೆಂಬ ಪ್ರಶ್ನೆಯೇ ಮುಖ್ಯ.

ಇದಕ್ಕೆ ವಿಶ್ರಾಂತಿ ಪ್ರವಾಹದ ವಿಷಯವನ್ನು ತಿಳಿಯಬೇಕು. ಸಿಲಿಕಾನ್ ಟ್ರಾನ್ಸಿಸ್ಟರು 0.6 ವೋಲ್ಟು ದೊರೆಯುವವರೆಗೆ ಕಣ್ತೆರೆಯುವುದಿಲ್ಲ. ಆದಕಾರಣ ಸಂಕೇತ ಸೊನ್ನೆಯ ಬಳಿ ಹಾದುಹೋಗುವಾಗ ಮೇಲಿನದೂ ಕೆಳಗಿನದೂ ನಿದ್ರೆಯಲ್ಲಿದ್ದು, ಅಲೆಯ ನಡುವೆ ಒಂದು ಮೆಟ್ಟಿಲು ಬೀಳುತ್ತದೆ. ಮೆಲ್ಲನೆಯ ವೀಣೆಯ ನಾದ ಕರ್ಕಶವಾಗುತ್ತದೆ. ಇದನ್ನು ತಪ್ಪಿಸಲು ಎರಡನ್ನೂ ಸದಾ ಅರೆಗಣ್ಣು ತೆರೆಸಿಟ್ಟಿರುತ್ತಾರೆ. ಸುಮಾರು 20 ಮಿಲಿಆಂಪಿಯರು ಸುಮ್ಮನೆ ಹರಿಯುತ್ತಿರುತ್ತದೆ. ಲಿನ್ ಮಂಡಲದಲ್ಲಿ ದಾರಿಯಲ್ಲಿರುವ ಸಂಧಿಗಳು ಮೂರು. ಬೇಕಾದುದು ಸುಮಾರು 1.8 ವೋಲ್ಟು. ಅದನ್ನು ಒದಗಿಸಲು ಒಂದು ಪುಟ್ಟ ಟ್ರಾನ್ಸಿಸ್ಟರು, ಎರಡು ರೋಧಕಗಳು. ಟ್ರಾನ್ಸಿಸ್ಟರು ತನ್ನ 0.6 ವೋಲ್ಟನ್ನು ರೋಧಕಗಳ ಪ್ರಮಾಣಕ್ಕೆ ತಕ್ಕಂತೆ ಮೂರು ಪಟ್ಟು ಮಾಡಿ ಎತ್ತಿಹಿಡಿಯುತ್ತದೆ. ಅದನ್ನು ಉಷ್ಣವನ್ನು ಹರಡುವ ಅಲ್ಯುಮಿನಿಯಮ್ ರೆಕ್ಕೆಗಳಿಗೇ ಅಂಟಿಸಿರುತ್ತಾರೆ. ಏಕೆಂದರೆ ಸಂಧಿಗೆ ಬೇಕಾದ ವೋಲ್ಟೇಜು ಪ್ರತಿ ಡಿಗ್ರಿ ಕಾವಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಸುಮಾರು 18 ಮಿಲಿವೋಲ್ಟು ಹೆಚ್ಚಾದರೆ ಪ್ರವಾಹ ಇಮ್ಮಡಿಯಾಗುತ್ತದೆ. ಕಾವು ಪ್ರವಾಹವನ್ನೂ ಪ್ರವಾಹ ಕಾವನ್ನೂ ಬೆಳೆಸುತ್ತ ಹೋದರೆ ಕೊನೆಯೆಲ್ಲಿ? ಪುಟ್ಟ ಟ್ರಾನ್ಸಿಸ್ಟರೂ ಜೊತೆಯಲ್ಲೇ ಕಾದು ತನ್ನ ವೋಲ್ಟೇಜನ್ನು ತಗ್ಗಿಸುವುದರಿಂದ ಆ ಓಟಕ್ಕೆ ಕಡಿವಾಣ ಬೀಳುತ್ತದೆ.

ಆ ಎರಡು ರೋಧಕಗಳ ಪೈಕಿ ಒಂದು, ತಿರುಪುಳಿಯಿಂದ ತಿರುಗಿಸುವ ಪ್ರಿಸೆಟ್ಟು. ಮುಳ್ಳಿನ ಮೀಟರನ್ನು ಜೋಡಿಸಿ ಅದನ್ನು ಮೆಲ್ಲನೆ ತಿರುಗಿಸಿದಾಗ, ನಡುವೆ ಒಂದೆಡೆ ಮುಳ್ಳು ಥಟ್ಟನೆ ಅನಂತಕ್ಕೆ ಹಾರಿತು. ಐದು ದಶಕಗಳ ಧೂಳು, ಕಿಲುಬುಗಳಿಂದ ಅದರ ನಾಲಿಗೆ ಪಟ್ಟಿಯನ್ನು ಬಿಟ್ಟಿತ್ತು. ಕೆಲವೇ ರೂಪಾಯಿಯ ಬಿಡಿಭಾಗ, ಅಪರಾಧಿ ಅದೇ. ಇದು ಪುಟ್ಟ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರುಗಳ ನಡುವೆ ಇದ್ದಿದ್ದರೆ, ಕಡಿದಾಗ ವೋಲ್ಟೇಜು ತಗ್ಗಿ ನಾದ ಕೊಂಚ ಕರ್ಕಶವಾಗುತ್ತಿತ್ತು, ಅಷ್ಟೆ. ಇಲ್ಲಿ ಅದು ಕಲೆಕ್ಟರ್ ಮತ್ತು ಬೇಸುಗಳ ನಡುವೆ ಇತ್ತು. ಕಡಿದಾಗ ಪುಟ್ಟ ಟ್ರಾನ್ಸಿಸ್ಟರು ಪೂರ್ಣವಾಗಿ ನಿದ್ರೆಹೋಗಿ, ಎರಡು ತೂಬುಗಳೂ ಒಮ್ಮೆಲೇ ಬಾಯ್ದೆರೆದವು. ಒಂದೇ ಭಾಗ, ಒಂದೇ ರೋಗ. ಕುಳಿತ ಜಾಗದಿಂದ ಒಂದು ಹಾನಿಯಿಲ್ಲದ್ದು, ಇನ್ನೊಂದು ಮಾರಕ. ವಿನ್ಯಾಸ ಮಾಡಿದವರು ಇದನ್ನು ಯೋಚಿಸಬೇಕಾಗಿತ್ತೆಂದು ಹೇಳದೆ ವಿಧಿಯಿಲ್ಲ. ನಾವು ಹಲವು ಸುತ್ತಿನ, ಮುಚ್ಚಿದ ಹೊಸ ಪ್ರಿಸೆಟ್ಟನ್ನು ಬೇಸ್ ಮತ್ತು ಎಮಿಟರಿನ ನಡುವೆ ಇರಿಸಿ, ಮತ್ತೊಂದು ಜಾಗಕ್ಕೆ ಸ್ಥಿರರೋಧಕವನ್ನು ಬೆಸೆದೆವು. ಹೀಗೆ ಮಾಡಿದಾಗ ತಿರುಗಿಸುವ ದಿಕ್ಕಿನ ಅರ್ಥ ತಿರುವುಮುರುವಾಗುತ್ತದೆ. ಮೊದಲ ಸಲ ವಿದ್ಯುತ್ತು ಹರಿಸುವಾಗ ಪ್ರಿಸೆಟ್ಟು ಗರಿಷ್ಠ ರೋಧದಲ್ಲಿರಬೇಕು.

ಹೊಸ ಟ್ರಾನ್ಸಿಸ್ಟರುಗಳಿಗಾಗಿ ಜಯನಗರದಿಂದ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿಳಿದು, ಸಾದರ್ ಪತ್ರಪ್ಪ ರಸ್ತೆಗೆ ನಡೆದದ್ದಾಯಿತು. ಎಸ್.ಪಿ. ರೋಡಿನಲ್ಲಿ ಸಿಗದುದಿಲ್ಲವೆಂಬ ಮಾತುಂಟು. ನಕಲಿಯೂ ಅದರಲ್ಲಿ ಸೇರಿದೆ. ಪ್ರಸಿದ್ಧವಾದ 2ಎನ್3055ರ ಅಂಕಿ 60 ವೋಲ್ಟು, 15 ಆಂಪಿಯರು, 115 ವ್ಯಾಟು. ಎರಡು ಕಂಡೆನ್ಸರುಗಳ ನಡುವೆ 64 ವೋಲ್ಟಿರುವ ನಮ್ಮ ಪೆಟ್ಟಿಗೆಗೆ ಅದು ಸಾಲದು. 140 ವೋಲ್ಟಿನ ಎಂಜೆ15003 ತಕ್ಕುದೆಂದು ನಿಶ್ಚಯಿಸಿದೆವು. ಒಂದು ಅಂಗಡಿಯಲ್ಲಿ ಅದು ಅತಿ ಅಗ್ಗವಾಗಿ ದೊರೆಯಿತು. ಸಂಶಯಬಂದು ಒಂದರ ಲೋಹದ ಮುಚ್ಚಳವನ್ನು ಗರಗಸದಿಂದ ತೆಗೆದು ನೋಡಿದರೆ, ಒಳಗಿನ ಸಿಲಿಕಾನು ಚೂರು ಎಳ್ಳುಕಾಳಿಗಿಂತ ತುಸು ದೊಡ್ಡದು! 20 ಆಂಪಿಯರಿನ ಟ್ರಾನ್ಸಿಸ್ಟರಿಗೆ ಅದರ ಹಲವು ಪಟ್ಟು ವಿಸ್ತಾರ ಬೇಕು. ತಯಾರಕರ ಅಧಿಕೃತ ಮಾರಾಟಗಾರರಿಂದ, ಹೆಚ್ಚು ಬೆಲೆ ತೆತ್ತು, ಬೇರೆ ಜೋಡಿಯನ್ನು ತರಿಸಿಕೊಂಡೆವು. ಉಳಿದ ಸ್ಪೀಕರಿನ ಬೆಲೆಯೊಡನೆ ಹೋಲಿಸಿದರೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಈ ಟ್ರಾನ್ಸಿಸ್ಟರಿನ ಲೋಹದ ಕವಚವೇ ಅದರ ಕಲೆಕ್ಟರು. ರೆಕ್ಕೆಗಳಿಗೆ ಕಾವು ದಾಟಬೇಕು, ವಿದ್ಯುತ್ತು ದಾಟಬಾರದು. ಈ ಎರಡು ಗುಣಗಳೂ ಉಳ್ಳದ್ದು ಅಭ್ರಕ, ನಮ್ಮ ಹಳ್ಳಿಗರ ಕಾಗೆಬಂಗಾರ. ಅದರ ತೆಳುಹಾಳೆಗೆ ಎರಡು ಮೈಗೂ ತೆಳ್ಳಗೆ ಉಷ್ಣಲೇಪವನ್ನು ಸವರಿ ಕೂರಿಸಿ, ಕವಚಕ್ಕೂ ರೆಕ್ಕೆಗೂ ಸಂಪರ್ಕವಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು.

ಸ್ಪೀಕರಿನ ಸ್ಥಾನದಲ್ಲಿ 8 ಓಮಿನ ದಪ್ಪ ರೋಧಕವನ್ನಿಟ್ಟು, ಸರಿಯಾದ ಫ್ಯೂಜು ಹಾಕಿ, ಸೀರೀಸ್ ಬೋರ್ಡಿನಲ್ಲಿ ಗುಂಡಿ ಒತ್ತಿದೆವು. ದೀಪ ಮಿನುಗಿ ಮಂಕಾಯಿತು. ನಿರ್ಗಮದಲ್ಲಿ ಏಕಮುಖ ವೋಲ್ಟೇಜು 14 ಮಿಲಿವೋಲ್ಟು, 50ರೊಳಗಿದ್ದರೆ ಚಿಂತೆಯಿಲ್ಲ. ದೀಪವನ್ನು ತೆಗೆದು, 0.47 ಓಮಿನ ರೋಧಕದ ಮೇಲೆ ಮೀಟರಿಟ್ಟು, 9.4 ಮಿಲಿವೋಲ್ಟು ಬರುವವರೆಗೆ ಪ್ರಿಸೆಟ್ಟನ್ನು ತಿರುಗಿಸಿದೆವು: ಅದೇ 20 ಮಿಲಿಆಂಪಿಯರು. ಕಾಲೇಜಿನ ಆಸಿಲೋಸ್ಕೋಪಿನ ತೆರೆಯ ಮೇಲೆ ಅಲೆಯ ನಡುವಣ ಮೆಟ್ಟಿಲು ಕರಗಿಹೋಗುವುದನ್ನು ವಿದ್ಯಾರ್ಥಿಗಳು ನಾಲ್ಕಾರು ಸಲ ತಿರುಗಿಸಿ ತಿರುಗಿಸಿ ನೋಡಿದರು.

ಕಾವಿನ ಪರೀಕ್ಷೆಯನ್ನು ಪೂರ್ಣ ಸದ್ದಿನಲ್ಲಿ ಮಾಡಬೇಕೆಂದು ತೋರಬಹುದು. ಗಣಿತ ಬೇರೆ ಹೇಳುತ್ತದೆ. ಈ ಬಗೆಯ ವರ್ಧಕದಲ್ಲಿ ಟ್ರಾನ್ಸಿಸ್ಟರುಗಳು ಅತಿ ಹೆಚ್ಚು ಕಾಯುವುದು ಶಿಖರ ವೋಲ್ಟೇಜು 32ರ ಸುಮಾರು ಮೂರನೆಯ ಎರಡು ಪಾಲು, ಅಂದರೆ 20 ವೋಲ್ಟಿನ ಹತ್ತಿರವಿರುವಾಗ. ಆಗ ಒಂದೊಂದರಲ್ಲೂ ಸುಮಾರು 13 ವ್ಯಾಟು ಕಾವಾಗಿ ಹೋಗುತ್ತದೆ. ಆ ಮಟ್ಟದಲ್ಲಿ ಒಂದು ಗಂಟೆ ನಡೆಸಿ, ಸಂಕೇತವನ್ನು ನಿಲ್ಲಿಸಿದ ಕೂಡಲೇ ವಿಶ್ರಾಂತಿ ಪ್ರವಾಹವನ್ನು ಅಳೆದೆವು: 23 ಮಿಲಿಆಂಪಿಯರು, ಹತ್ತು ನಿಮಿಷದಲ್ಲಿ ಮತ್ತೆ 20ಕ್ಕೆ ಇಳಿಯಿತು.

ಬಲ ವಾಹಿನಿ ಚೆನ್ನಾಗಿಯೇ ಹಾಡುತ್ತಿತ್ತು. ಆದರೂ ಅದರಲ್ಲಿದ್ದುದು ಅದೇ ವಯಸ್ಸಿನ ಪ್ರಿಸೆಟ್ಟು, ಅದೇ ಜಾಗ. ಅದನ್ನೂ ಹಾಗೆಯೇ ಬದಲಾಯಿಸಿದೆವು. ಎರಡು ನಿರ್ಗಮಗಳಿಗೂ, ಏಕಮುಖ ಪ್ರವಾಹ ಕಂಡೊಡನೆ ಸ್ಪೀಕರನ್ನು ಬಿಡಿಸುವ ಸಣ್ಣ ರಿಲೇ ಹಲಗೆಯೊಂದನ್ನು ಸೇರಿಸಿದೆವು. ಸುಟ್ಟ ಸ್ಪೀಕರಿನ ಹಾಳೆಗೆ ಪೆಟ್ಟಾಗಿರಲಿಲ್ಲ. ಅದಕ್ಕೆ ಹೊಸ ಸುರುಳಿ ಸುತ್ತಿಸಲು ಕೊಟ್ಟಿದ್ದಾರೆ. ಅದು ಬರುವವರೆಗೆ ಜಯನಗರದ ಆ ಮನೆಯಲ್ಲಿ ಬಲಗಡೆಯ ಸ್ಪೀಕರು ಒಂದೇ ವೀಣೆ ನುಡಿಸುತ್ತಿದೆ.