ಅಣ್ವಸ್ತ್ರದ ವಿಷಯದಲ್ಲಿ ದೊಡ್ಡ ದೇಶಗಳು ಹೇಳಿದ್ದೇ ನಿಜವೇ? ಗೌರಿಬಿದನೂರಿನ ಬಂಡೆ ಏನು ಹೇಳುತ್ತದೆ?

‘ಬಾಂಬ್ ಇರುವ ದೊಡ್ಡ ದೇಶಗಳು ಆಡಿದ್ದೇ ಆಟ, ಉಳಿದವರು ನೋಡುತ್ತಾ ಕೂರಬೇಕಷ್ಟೆ’ ಎನ್ನುವ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಅರ್ಧಸತ್ಯ. ಇನ್ನರ್ಧ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿದೆ.

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಸೇರಿ ಗಾಳಿ, ನೀರು, ಬಾಹ್ಯಾಕಾಶದಲ್ಲಿ ಅಣು ಪರೀಕ್ಷೆ ನಿಷೇಧಿಸಿದವು. ನೆಲದಡಿಯ ಪರೀಕ್ಷೆ ಮಾತ್ರ ಉಳಿಯಿತು. ಕದ್ದು ಮಾಡಿದರೆ ಪತ್ತೆ ಹೇಗೆ ಎಂಬ ತಕರಾರು ಬಗೆಹರಿಯಲೇ ಇಲ್ಲ.

ಗೌರಿಬಿದನೂರಿನಲ್ಲಿ ಏನಿದೆ?

1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ನಮ್ಮ ಅಣು ವಿಜ್ಞಾನಿಗಳು ಇಲ್ಲಿನ ಗಟ್ಟಿ ಬಂಡೆಯ ನೆಲದಲ್ಲಿ 20 ಕಂಪನಮಾಪಕಗಳನ್ನು ‘ಎಲ್’ ಆಕಾರದಲ್ಲಿ ಹೂಡಿದರು. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಲ್ಲೂ ಇಂಥವು ತಲೆಯೆತ್ತಿದವು.

ಪತ್ತೆ ಹೇಗೆ?

ಕ್ವಾರಿಯಲ್ಲಿ ಬಂಡೆ ಸಿಡಿಸಿದ ಸದ್ದು ಹತ್ತಿರದ ಊರಿಗೆ ಮೊದಲು, ದೂರದೂರಿಗೆ ಆಮೇಲೆ ಕೇಳುತ್ತದೆ. ಹಾಗೆಯೇ ಒಂದೇ ಕಂಪನ 20 ಮಾಪಕಗಳನ್ನು ಬೇರೆ ಬೇರೆ ಕ್ಷಣಗಳಲ್ಲಿ ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಅದು ಬಂದ ದಿಕ್ಕು ತಿಳಿಯುತ್ತದೆ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ನೆಲ ನಡುಗಿತಲ್ಲ, ಅಂಥ ಭೂಕಂಪದಲ್ಲಿ ಬಂಡೆಗಳು ಬಿರುಕಿನುದ್ದಕ್ಕೂ ಜಾರುತ್ತವೆ. ಸ್ಫೋಟವಾದರೆ ಎಲ್ಲ ದಿಕ್ಕಿಗೂ ಒಮ್ಮೆಲೇ ತಳ್ಳುತ್ತದೆ. ಅಲೆಗಳ ಸ್ವರೂಪದಲ್ಲೇ ಈ ಭೇದ ಕಾಣುತ್ತದೆ.

ಮಧ್ಯಮ ದೇಶಗಳು ಮಾಡಿದ್ದೇನು?

1984ರಲ್ಲಿ ಭಾರತ, ಸ್ವೀಡನ್, ಮೆಕ್ಸಿಕೊ, ಅರ್ಜೆಂಟೀನಾ, ಗ್ರೀಸ್, ತಾಂಜಾನಿಯಾ ಒಂದಾಗಿ ಪರೀಕ್ಷೆ ನಿಲ್ಲಿಸಿ ಎಂದವು. 1986ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ‘ಪರಿಶೀಲನೆಗೆ ನಮ್ಮ ತಜ್ಞರು ನೆರವಾಗುತ್ತಾರೆ’ ಎಂದವು. ಉಪದೇಶದ ಜೊತೆ ಕೆಲಸವನ್ನೂ ಹೊತ್ತುಕೊಳ್ಳುವುದೇ ಇವರ ಬಲ. ಒಂದು ದೇಶದ ಮಾಪಕವನ್ನು ಅಲ್ಲಗಳೆಯಬಹುದು. ಹತ್ತಾರು ದೇಶಗಳ ದಾಖಲೆ ತಾಳೆಯಾದರೆ ಅಲ್ಲಗಳೆಯುವುದು ಕಷ್ಟ.

ಪರೀಕ್ಷೆಗಳು ಕೂಡಲೇ ನಿಲ್ಲಲಿಲ್ಲ. ಆದರೆ 1996ರ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ ಇದೇ ದಾರಿ ಹಿಡಿಯಿತು. ಅದರ ಯೋಜನೆಯಲ್ಲಿ 89 ದೇಶಗಳಲ್ಲಿ 337 ಕೇಂದ್ರಗಳಿವೆ. ಉತ್ತರ ಕೊರಿಯಾದ 2006ರ ಪರೀಕ್ಷೆಯನ್ನು ಈ ಜಾಲ ಗುರುತಿಸಿತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಭಾರತ 1974 ಮತ್ತು 1998ರಲ್ಲಿ ತಾನೇ ಪರೀಕ್ಷೆ ನಡೆಸಿದೆ, ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಒಪ್ಪಂದವೂ ಇನ್ನೂ ಜಾರಿಗೆ ಬಂದಿಲ್ಲ.

ನಾವು ಹೇಳುವುದಿಷ್ಟು: ಮಧ್ಯಮ ದೇಶಗಳು ಒಗ್ಗೂಡಿದರೂ ಬಲಾಢ್ಯರನ್ನು ತಡೆಯಲಾಗದೇ ಇರಬಹುದು. ಆದರೆ ಅವರು ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದನ್ನು ಕಷ್ಟವಾಗಿಸಬಹುದು. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಗೌರಿಬಿದನೂರಿನ ಈ ಕಥೆಯನ್ನೂ ಕಳಿಸಿ.